ಶುಂಠಿ, ಇಂಜಿ, ಜಿಂಜರ್... ಬೇರು ಯಾರದ್ದು?

ಹೋದ ನವೆಂಬರ್‌ನಲ್ಲಿ ಚನ್ನರಾಯಪಟ್ಟಣದ ಒಂದು ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಮೈಕ್ ಮುಂದೆ ನಿಂತು ನಾನೊಂದು ತಪ್ಪು ಮಾತು ಹೇಳಿದೆ. ಬೇಕಂತ ಹೇಳಿದ್ದಲ್ಲ. ಹಾಗಂತ ಪಾಪ, ಗೊತ್ತಿಲ್ಲದೆ ಹೇಳಿಬಿಟ್ಟೆ ಅಂತ ನನ್ನನ್ನು ನಾನೇ ಬಿಟ್ಟುಕೊಡೋಕೂ ಆಗಲ್ಲ. ತಿಳ್ಕೊಳ್ಳೋ ಪ್ರಯತ್ನವನ್ನೇ ಮಾಡಿರಲಿಲ್ಲ, ಅದು ವಿಷಯ.

ನಾನು ಹೇಳಿದ್ದು ಇಷ್ಟು: "ಇಂಗ್ಲಿಷಿನ ಜಿಂಜರ್ ಅನ್ನೋ ಪದ ನಮ್ಮ ಕನ್ನಡದ್ದು. ಲ್ಯಾಟಿನ್ ಭಾಷೇಲಿ ಅದಕ್ಕೆ ಜಿಂಗಿಬೇರ್ ಅಂತಾರೆ. ಕೊನೇಲಿ ಏನು ಕೇಳಿಸ್ತು? ಬೇರ್! ತಮಿಳರ ವೇರ್ ಅಲ್ಲ ಸ್ವಾಮಿ, ನಮ್ಮ ಬೇರು!" ಜೋರು ಚಪ್ಪಾಳೆ. ಒಬ್ಬರು ಎದ್ದು ನಿಂತು ಜೈ ಭುವನೇಶ್ವರಿ ಅಂದರು. ಶಾಲು, ಹಾರ, ಒಂದು ಸ್ಟೀಲ್ ತಟ್ಟೆ. ಖುಷಿಯಾಗಿ ಮನೆಗೆ ಬಂದೆ.

ಸಂಕ್ರಾಂತಿಗೆ ಅರಕಲಗೂಡು ಕಡೆ ಅಕ್ಕನ ಊರಿಗೆ ಹೋದಾಗ ಒಂಬತ್ತನೇ ಕ್ಲಾಸಿನ ಅಕ್ಕನ ಮಗಳು ಒಂದು ಸರ್ಟಿಫಿಕೇಟ್ ತಂದು ತೋರಿಸಿದಳು. ಭಾಷಣ ಸ್ಪರ್ಧೆಯಲ್ಲಿ ಎರಡನೇ ಬಹುಮಾನ. "ಮಾವ, ನೀವು ಹೇಳಿದ್ ಜಿಂಜರ್ ಹೇಳ್ದೆ, ಜಡ್ಜ್ ತುಂಬಾ ಮೆಚ್ಚಿದ್ರು" ಅಂದಳು. ನಾನೂ ಮೆಚ್ಚಿದೆ. ಅಲ್ಲೇ ಜಗಲಿ ಮೇಲೆ ಭಾವನ ಜೊತೆ ಲೆಕ್ಕ ಮಾತಾಡ್ತಾ ಕೂತಿದ್ದರು ವಯನಾಡಿನ ಒಬ್ಬ ರೈತರು. ಭಾವನ ಎರಡೂವರೆ ಎಕರೆ ಗುತ್ತಿಗೆಗೆ ಹಾಕಿಕೊಂಡು ಶುಂಠಿ ಬೆಳೆಯೋರು ಅವರು. ಕನ್ನಡ ಚೆನ್ನಾಗಿ ಮಾತಾಡ್ತಾರೆ. ನಕ್ಕು ಅಂದರು, "ಸಾರ್, ನಮ್ಮಲ್ಲಿ ಇದಕ್ಕೆ ಇಂಜಿ ಅಂತೀವಿ. ಬೇರಿಗೆ ವೇರ್. ಇಂಜಿ ವೇರ್. ನಿಮ್ಮದರಲ್ಲಿ ಇದು ಶುಂಠಿ ಅಲ್ವಾ? ಶುಂಠಿಯಿಂದ ಜಿಂಜರ್ ಹೆಂಗೆ ಬರುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಫಿ ತಣ್ಣಗಾಯ್ತು ಅಂತ ಒಳಗೆ ಹೋದೆ :)

ಊರಿಗೆ ವಾಪಸ್ ಬಂದ ಮೇಲೆ ಕೂತು ಓದಿದೆ. ಸುಮಾರು ಎರಡು ತಿಂಗಳು. ಓದಿದ್ದನ್ನು ಇಲ್ಲಿ ಬರೀತಿದ್ದೀನಿ. ನನ್ನ ಭಾಷಣದಲ್ಲಿ ಒಂದು ಎಳೆ ನಿಜ ಇತ್ತು, ಉಳಿದದ್ದು ಹೊಟ್ಟು. ನಿಜ ಯಾವುದು, ಹೊಟ್ಟು ಯಾವುದು ಅಂತ ಬೇರೆ ಮಾಡೋ ಬಗೆಯೇ ನನಗೆ ಹೆಚ್ಚು ರುಚಿಸಿತು.

ಮೊದಲು ಇಂಗ್ಲಿಷಿನಿಂದ ಹಿಂದಕ್ಕೆ ನಡೆಯೋಣ. ಇಂಗ್ಲೆಂಡಿಗೆ ಫ್ರಾನ್ಸಿನಿಂದ ನಾರ್ಮನ್ನರು ಬರೋ ಮೊದಲೇ, ಹಳೇ ಇಂಗ್ಲಿಷಿನ ಮದ್ದಿನ ಪುಸ್ತಕಗಳಲ್ಲಿ ಇದು 'ಜಿಂಜಿಫರ್' ಅನ್ನೋ ಥರದ ರೂಪದಲ್ಲಿದೆ. ಆಮೇಲೆ ಫ್ರೆಂಚರ 'ಜಿಂಜಿಬ್ರ್' ಅದರ ಜೊತೆ ಸೇರಿಕೊಂಡಿತು. ಇವೆರಡೂ ಬಂದದ್ದು ಲ್ಯಾಟಿನ್ನಿನಿಂದ. ಲ್ಯಾಟಿನ್ನಿಗೆ ಬಂದದ್ದು ಗ್ರೀಕಿನಿಂದ, ಅಲ್ಲಿ 'ಜಿಂಗಿಬೆರಿಸ್'. ಕ್ರಿ.ಶ. ಮೊದಲ ಶತಮಾನದ ಡಯಾಸ್ಕೊರಿಡೀಸ್ ಅನ್ನೋ ಗ್ರೀಕ್ ವೈದ್ಯ ತನ್ನ ಔಷಧಿ ಗ್ರಂಥದಲ್ಲಿ ಇದನ್ನು ಬರೆದಿದ್ದಾನೆ. ಅದೇ ಕಾಲದ ರೋಮಿನ ಪ್ಲಿನಿ ಇನ್ನೂ ಮಜವಾಗಿ ಬರೀತಾನೆ: ಕೆಲವರು ಇದನ್ನು ಮೆಣಸಿನ ಬಳ್ಳಿಯ ಬೇರು ಅಂದುಕೊಂಡಿದ್ದಾರೆ, ಅಲ್ಲ ಅಂತಾನೆ. ರೇಟು ಸಹ ಕೊಟ್ಟಿದ್ದಾನೆ, ಒಂದು ಪೌಂಡಿಗೆ ಆರು ದಿನಾರಿ, ಕರಿಮೆಣಸಿಗೆ ನಾಲ್ಕು. ಅಂದ್ರೆ ಆಗಲೂ ಶುಂಠಿ ರೇಟು ಸುದ್ದಿಯೇ! 2023ರ ಜುಲೈನಲ್ಲಿ 60 ಕೆಜಿ ಚೀಲ ಇಪ್ಪತ್ತು ಸಾವಿರ ದಾಟಿದಾಗ ನಮ್ಮ ಕಡೆ ಹೊಲದಲ್ಲಿ ಕಾವಲು ಮಲಗಿದವರು ಈ ಪ್ಲಿನಿಯನ್ನು ಓದಿದ್ದರೆ ಖುಷಿಪಡ್ತಿದ್ದರು.

ಪ್ಲಿನಿಯ ಪುಸ್ತಕ ಹೊರಬಂದದ್ದು ಕ್ರಿ.ಶ. 77ರ ಸುಮಾರಿಗೆ. ನಮ್ಮ ಜಿಲ್ಲೆಯದೇ ಆದ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. ಶಾಲೇಲಿ ನಾವೆಲ್ಲ ಉರು ಹೊಡೆದದ್ದು ಅದೇ ತಾನೆ. ಅದನ್ನು ಕಲ್ಲಿನಲ್ಲಿ ಕೊರೆಯೋಕೆ ಮುನ್ನೂರೈವತ್ತು ವರ್ಷಕ್ಕೂ ಮೊದಲೇ ಈ ಪದ ರೋಮಿನ ಪುಸ್ತಕದೊಳಗೆ ಹೋಗಿ ಕೂತಿತ್ತು.

ಗ್ರೀಕರಿಗೆ ಎಲ್ಲಿಂದ ಸಿಕ್ಕಿತು? ಇಂಡಿಯಾದ ಪ್ರಾಕೃತದಿಂದ. ಪಾಳಿಯಲ್ಲಿ ಇದು 'ಸಿಂಗಿವೇರ'. ವಿನಯಪಿಟಕದಲ್ಲಿ ಭಿಕ್ಷುಗಳು ಮದ್ದಿಗಾಗಿ ಇಟ್ಟುಕೊಳ್ಳಬಹುದಾದ ಬೇರುಗಳ ಪಟ್ಟಿ ಒಂದಿದೆ, ಅರಿಶಿನ, ಸಿಂಗಿವೇರ, ಬಜೆ ಹೀಗೆ ಶುರುವಾಗುತ್ತೆ. ಗಮನಿಸಿ, ಅದು *ಬೇರುಗಳ* ಪಟ್ಟಿ. ಸಂಸ್ಕೃತದಲ್ಲಿ 'ಶೃಂಗವೇರ'. ರಾಮ ಗಂಗೆ ದಾಟೋ ಜಾಗ, ಗುಹನ ಊರು ಶೃಂಗವೇರಪುರ ಅಂತ ಹರಿಕಥೆಯಲ್ಲಿ ಕೇಳಿರ್ತೀರಲ್ಲ, ಅದೇ ಅಕ್ಷರಗಳು.

ಪಶ್ಚಿಮಕ್ಕೆ ಇನ್ನೊಂದು ಕವಲೂ ಹೋಯಿತು. ಅರಬ್ಬಿಯ 'ಜಂಜಬೀಲ್' ಅದೇ ಬಳ್ಳಿಯದು, ಕುರಾನಿನ 76ನೇ ಅಧ್ಯಾಯದಲ್ಲಿ ಸ್ವರ್ಗದ ಪಾನೀಯದ ಮಾತು ಬಂದಾಗ ಈ ಪದ ಬರುತ್ತೆ.

ಇಲ್ಲಿವರೆಗೆ ಜಗಳ ಇಲ್ಲ. ಜಗಳ ಶುರುವಾಗೋದು ಇಲ್ಲಿಂದ. ಒಂದು ಕಡೆಯವರು ಹೇಳ್ತಾರೆ, ಶೃಂಗ ಅಂದ್ರೆ ಕೊಂಬು, ವೇರ ಅಂದ್ರೆ ದೇಹ, ಕೊಂಬಿನ ಆಕಾರದ್ದು ಶೃಂಗವೇರ, ಆದ್ದರಿಂದ ಜಿಂಜರ್ ಸಂಸ್ಕೃತ, ಮುಗೀತು. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ. ಶುಂಠಿ ಕೈಲಿ ಹಿಡಿದರೆ ಜಿಂಕೆ ಕೊಂಬಿನ ಹಾಗೇ ಕಾಣುತ್ತೆ. ಆದರೆ ಈ ವಿವರಣೆಯನ್ನು 1886ರಲ್ಲೇ 'ಹಾಬ್ಸನ್-ಜಾಬ್ಸನ್' ನಿಘಂಟು ಮಾಡಿದ ಯೂಲ್ ಮತ್ತು ಬರ್ನೆಲ್ ನಂಬಲಿಲ್ಲ. ಹೊರಗಿನಿಂದ ಬಂದ ಪದಕ್ಕೆ ಸಂಸ್ಕೃತದ ಅರ್ಥ ಹೊಂದಿಸಿಕೊಂಡಿದ್ದು ಇದು ಅನ್ನೋದು ಅವರ ಅಭಿಪ್ರಾಯ. ಅವರು ಬೊಟ್ಟು ಮಾಡಿದ್ದು ಮಲಬಾರಿನ ಇಂಜಿ ಕಡೆಗೆ.

ಹೀಗೆ ಅರ್ಥ ಹೊಂದಿಸೋದು ನಮಗೇನು ಹೊಸದಲ್ಲ. ಹಾಸನಕ್ಕೆ ಸಿಂಹಾಸನಪುರಿ ಅಂತೀವಿ, ಅರಕಲಗೂಡಿಗೆ ಅರ್ಕ ಅಂದ್ರೆ ಸೂರ್ಯ ಅಂತೀವಿ. ಕಥೆ ಕಟ್ಟಿದ ಮೇಲೆ ಊರಿಗೆ ಒಂದು ಗೌರವ ಬರುತ್ತೆ. (ಹಾಸನ ಅಂದ್ರೆ ಉತ್ತರದ ಕಡೆ ಹಸನ್ ಅನ್ನೋರ ಊರಾ ಅಂತ ಕೇಳ್ತಾರೆ, ನನಗೇ ಎರಡು ಸಲ ಕೇಳಿದ್ದಾರೆ. ಅವರವರ ಕಿವಿಗೆ ಏನು ಗೊತ್ತೋ ಅದೇ ಕೇಳಿಸೋದು.)

ದ್ರಾವಿಡ ಅನ್ನೋದಕ್ಕೆ ಬರೀ ಇಂಜಿ-ಜಿಂಜಿ ಪ್ರಾಸ ಸಾಕಾ? ಸಾಲದು. ಇಂಜಿಯಲ್ಲಿ ಶುರುವಿಗೆ 'ಸ' ಇಲ್ಲ, ಸಿಂಗಿವೇರದಲ್ಲಿ ಇದೆ. ಈ 'ಸ' ಎಲ್ಲಿಂದ ಬಂತು? ಇದೇ ಜಾಗದಲ್ಲಿ ಭಾಷಾವಿಜ್ಞಾನಿಗಳು ನಮ್ಮಂಥ ಭಾಷಣಕಾರರಿಂದ ಬೇರೆಯಾಗೋದು. ದಕ್ಷಿಣದ ದ್ರಾವಿಡ ಭಾಷೆಗಳಲ್ಲಿ ಬಹಳ ಹಿಂದೆ ಎಷ್ಟೋ ಪದಗಳ ಮೊದಲ 'ಚ/ಸ' ಬಿದ್ದುಹೋಗಿದೆ. ನಮ್ಮ 'ಆರು' ತಗೊಳ್ಳಿ. ನಾವು, ತಮಿಳರು, ತೆಲುಗರು ಎಲ್ಲ ಆರು ಅಂತೀವಿ. ಮಧ್ಯ ಇಂಡಿಯಾದ ಗೊಂಡಿಯಲ್ಲಿ ಅದು 'ಸಾರುಂಗ್'. ಅಲ್ಲಿ ಸಕಾರ ಉಳಿದಿದೆ, ನಮ್ಮಲ್ಲಿ ಸವೆದಿದೆ. ಉಪ್ಪಿಗೂ ಹೀಗೇ. ಅಂದ್ರೆ ಇಂಜಿಗೂ ಹಿಂದೆ ಒಂದು 'ಚಿಂಗಿ' ಥರದ ರೂಪ ಇತ್ತು, ಅದು ಸವೆಯೋ ಮೊದಲೇ 'ಚಿಂಗಿವೇರ್' ಅಂತ ಉತ್ತರದ ಪ್ರಾಕೃತಕ್ಕೆ ಹೋಯಿತು ಅನ್ನೋದು ಲೆಕ್ಕ. ಒಂದು ಪದಕ್ಕೋಸ್ಕರ ಮಾಡಿಕೊಂಡ ನಿಯಮ ಅಲ್ಲ ಇದು, ಬೇರೆ ಹತ್ತಾರು ಪದಗಳಲ್ಲಿ ಮೊದಲೇ ಕಂಡದ್ದು. ಹಾಗಾಗಿ ನಂಬೋಕೆ ಧೈರ್ಯ ಬರುತ್ತೆ.

ಈ ಒಂದೇ ಪದದ ಮೇಲೆ ಒಂದು ಇಡೀ ಪುಸ್ತಕ ಇದೆ ಗೊತ್ತಾ? ಅಲನ್ ರಾಸ್ ಅನ್ನೋ ಇಂಗ್ಲಿಷ್ ಭಾಷಾವಿಜ್ಞಾನಿ 1952ರಲ್ಲಿ 'ಜಿಂಜರ್: ಎ ಲೋನ್-ವರ್ಡ್ ಸ್ಟಡಿ' ಅಂತ ಬರೆದ. ಒಂದು ಶುಂಠಿಗೆ ಒಂದು ಪುಸ್ತಕ! ಇನ್ನು ದ್ರಾವಿಡ ಭಾಷೆಗಳಲ್ಲಿ ಯಾವ ಪದಕ್ಕೆ ಯಾವುದು ದಾಯಾದಿ ಅಂತ ನೋಡಬೇಕು ಅಂದ್ರೆ ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಇದೆ, ಮೊದಲು 1961ರಲ್ಲಿ, ಪರಿಷ್ಕರಿಸಿ 1984ರಲ್ಲಿ ಬಂತು. ಶಿಕಾಗೊ ವಿಶ್ವವಿದ್ಯಾಲಯದವರು ಅದನ್ನು ಪುಕ್ಕಟೆಯಾಗಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಭಾಷಣಕ್ಕೆ ಹೋಗೋ ಹಿಂದಿನ ರಾತ್ರಿ ಹತ್ತು ನಿಮಿಷ ತೆರೆದಿದ್ದರೆ ಸಾಕಾಗಿತ್ತು ನನಗೆ.

ಈಗ ನನ್ನ 'ಬೇರ್' ವಿಷಯಕ್ಕೆ ಬರ್ತೀನಿ. ತಮಿಳು ಮಲಯಾಳಂನ ವಕಾರ ನಮ್ಮಲ್ಲಿ ಬಕಾರ, ಇದು ನಿಜ. ವಾಳೆ-ಬಾಳೆ, ವಿಲ್-ಬಿಲ್ಲು, ವೆಳ್ಳಿ-ಬೆಳ್ಳಿ, ವೇರ್-ಬೇರು. ಹಾಗಾಗಿ ಲ್ಯಾಟಿನ್ನಿನ ಜಿಂಗಿಬೇರ್ ನೋಡಿದ ತಕ್ಷಣ ಕನ್ನಡಿಗನ ಕಿವಿ ನೆಟ್ಟಗಾಗುತ್ತೆ. ಆದರೆ ಆ ಬಕಾರ ಕನ್ನಡದ್ದಲ್ಲ. ಪಾಳಿಯಲ್ಲಿ ಸ್ಪಷ್ಟವಾಗಿ 'ವೇರ' ಇದೆ. ಹೊರಗಿನ ಪದಗಳ ವಕಾರವನ್ನು ಗ್ರೀಕರು ತಮ್ಮ 'ಬೀಟಾ' ಅಕ್ಷರದಲ್ಲಿ ಬರೆಯೋದು ವಾಡಿಕೆ, ಲ್ಯಾಟಿನ್ನಿನವರು ಅದನ್ನು ನೋಡಿ 'ಬ' ಅಂತ ಬರೆದುಕೊಂಡರು. ಅಷ್ಟೇ. ಚಪ್ಪಾಳೆ ಬಿದ್ದದ್ದು ಗ್ರೀಕ್ ಲಿಪಿಗೆ, ನನಗಲ್ಲ.

ಇದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ. ಜರ್ಮನ್ ಭಾಷೇಲಿ ಶುಂಠಿಗೆ 'ಇಂಗ್ವರ್' ಅಂತಾರೆ. ಇಂಜಿವೇರ್, ಇಂಗ್ವರ್! ಮೊದಲ ಸಲ ನೋಡಿದಾಗ ಕೂತಲ್ಲಿಂದ ಎದ್ದೆ ನಾನು. ನೇರವಾಗಿ ಮಲಬಾರಿನಿಂದ ಜರ್ಮನಿಗೆ ಹೋಗಿದೆ ಅಂತ ಯಾರಾದರೂ ಆಣೆ ಮಾಡಿ ಹೇಳ್ತಾರೆ. ಆದರೆ ಹಳೇ ಜರ್ಮನ್ ರೂಪ ನೋಡಿದರೆ ಮೊದಲಿಗೆ ಗಕಾರ ಇದೆ, 'ಗಿಂಗಿಬರ್' ಥರ. ಅದು ಲ್ಯಾಟಿನ್ ಮಗುವೇ, ಯೂರೋಪಿನಲ್ಲೇ ಮುಂದಿನ ಗಕಾರ ಕಳಕೊಂಡಿತು, ಬಕಾರ ವಕಾರವಾಯ್ತು. ಒಂದು ಕಡೆ ಇಂಜಿ ತನ್ನ ಮೊದಲ ಅಕ್ಷರ ಕಳಕೊಂಡದ್ದು ದಕ್ಷಿಣ ಇಂಡಿಯಾದಲ್ಲಿ, ಇನ್ನೊಂದು ಕಡೆ ಇಂಗ್ವರ್ ಕಳಕೊಂಡದ್ದು ಜರ್ಮನಿಯಲ್ಲಿ. ಒಂದಕ್ಕೊಂದು ಸಂಬಂಧವಿಲ್ಲದೆ ಇಬ್ಬರೂ ಒಂದೇ ಥರ ಕಾಣೋ ಹಾಗಾದರು. ಸಂತೆಯಲ್ಲಿ ಅಪರಿಚಿತರೊಬ್ಬರು ನಮ್ಮ ಚಿಕ್ಕಪ್ಪನ ಹಾಗೇ ಕಂಡರೆ ಮನೆಗೆ ಕರಕೊಂಡು ಬಂದುಬಿಡ್ತೀವಾ?

ನಿಜವಾದ ನೆಂಟಸ್ತಿಕೆ ಎಷ್ಟೋ ಸಲ ಕಣ್ಣಿಗೆ ಕಾಣೋದೇ ಇಲ್ಲ. ಜಿಂಜರ್ ಅನ್ನೋದರಲ್ಲಿ ಬೇರು ಎಲ್ಲಿದೆ ಹೇಳಿ? ಜಿಂಜಿವೇರ್ ಅಂತ ಇದ್ದದ್ದು ಸವೆದು ಸವೆದು ಕೊನೇಲಿ ಒಂದು 'ರ್' ಉಳಿದಿದೆ.

ಪದ ಸವೆಯೋದನ್ನು ನೋಡೋಕೆ ಎರಡು ಸಾವಿರ ವರ್ಷ ಬೇಡ, ನಮ್ಮ ಜಿಲ್ಲೆಯ ಶುಂಠಿ ಹೊಲಕ್ಕೆ ಬಂದರೆ ಸಾಕು. ನಮ್ಮ ಕಡೆ ಹೆಚ್ಚು ಹಾಕೋ ಒಂದು ತಳಿಗೆ 'ರಿಗೋಡಿ' ಅಂತಾರೆ. ಭಾವನನ್ನು ಕೇಳಿದರೆ ಅದು ರಿಗೋಡಿ ಅನ್ನೋ ಕಂಪನಿ ಹೆಸರು ಅಂದರು. ಅಲ್ಲ, ಅದು ಬ್ರೆಜಿಲ್ಲಿನ ರಿಯೋ ಡಿ ಜನೈರೊ! ತಳಿಯ ಹೆಸರೇ ಅದು. ಬಾಯಿಂದ ಬಾಯಿಗೆ ಬಂದು ರಿಗೋಡಿ ಆಯ್ತು. ನಮ್ಮ ಕಣ್ಣ ಮುಂದೆ, ಒಂದೇ ತಲೆಮಾರಿನಲ್ಲಿ. ಇನ್ನು ಐನೂರು ವರ್ಷ ಆದಮೇಲೆ ಯಾರಾದರೂ ಪಂಡಿತರು 'ಋಗ್ + ಓಡಿ' ಅಂತ ಬಿಡಿಸಿದರೂ ಆಶ್ಚರ್ಯ ಇಲ್ಲ :)

ಹಾಗಾದರೆ ಜಿಂಜರ್ ದ್ರಾವಿಡದ್ದು ಅಂತ ಬಾವುಟ ಹಾರಿಸಬಹುದಾ? 'ವೇರ್' ಭಾಗಕ್ಕೆ ಹಾರಿಸಿ. ಕನ್ನಡ, ತಮಿಳು, ಮಲಯಾಳಂ ಎಲ್ಲರೂ ಒಟ್ಟಿಗೆ ಹಾರಿಸಬಹುದು, ಅದು ನಮ್ಮೆಲ್ಲರ ಹಿಂದಿನ ಅಜ್ಜಿಯ ಮಾತು. 'ಇಂಜಿ' ಭಾಗಕ್ಕೆ ಸ್ವಲ್ಪ ತಡೀರಿ. ಶುಂಠಿ ಗಿಡ ನಮ್ಮ ಕಾಡಿನಲ್ಲಿ ತಾನಾಗಿ ಹುಟ್ಟಿದ್ದಲ್ಲ, ಮನುಷ್ಯರು ಆಗ್ನೇಯ ಏಷ್ಯಾದ ಕಡೆಯಿಂದ ಗೆಡ್ಡೆ ಸಮೇತ ತಂದು ನೆಟ್ಟದ್ದು ಅನ್ನೋದು ಸಸ್ಯವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಮೇಘಾಲಯದ ಖಾಸಿಯಲ್ಲಿ ಶುಂಠಿಗೆ 'ಸಿಯಿಂಗ್'. ಥಾಯ್ ಭಾಷೆಯಲ್ಲಿ 'ಖಿಂಗ್'. ಗೆಡ್ಡೆಯ ಜೊತೆ ಹೆಸರೂ ಪೂರ್ವದಿಂದ ಬಂದಿರಬಹುದು ಅಂತ ವಿದ್ವಾಂಸರು ಸಂಶಯ ಪಡೋದು ಇದಕ್ಕೇ. ಅಲ್ಲಿಗೆ ನಾವೂ ದಾರಿಯ ಮಧ್ಯದವರೇ.

ನನಗೆ ಸಿಟ್ಟು ಬರೋದು ಇಲ್ಲಿ. ಇತ್ತೀಚೆಗೆ ಮೊಬೈಲಿಗೆ ಬರೋ ಪಟ್ಟಿಗಳು ನೋಡಿರ್ತೀರಿ, 'ಇಂಗ್ಲಿಷಿಗೆ ಸಂಸ್ಕೃತ ಕೊಟ್ಟ ನೂರು ಪದ', 'ಪ್ರಪಂಚಕ್ಕೆ ಕನ್ನಡ ಕೊಟ್ಟ ಐವತ್ತು ಪದ'. ಎರಡೂ ಒಂದೇ ಅಂಗಡಿಯ ಮಾಲು. ಪಕ್ಕ ಪಕ್ಕ ಎರಡು ಪದ ಇಡೋದು, ಪ್ರಾಸ ಕೂತರೆ ಬಾಣದ ಗುರುತು ಹಾಕೋದು. ಯಾವ ಶತಮಾನ, ಯಾರ ಬಾಯಿಂದ ಯಾರ ಬಾಯಿಗೆ, ಮಧ್ಯದ ರೂಪ ಏನು, ಏನೂ ಇಲ್ಲ. ರೈಸ್ ಅನ್ನೋದು ತಮಿಳಿನ ಅರಿಸಿ ಅಂತ ಎಷ್ಟೊಂದು ಪುಸ್ತಕಗಳಲ್ಲೇ ಇದೆ. ಈಗಿನ ಹೆಚ್ಚಿನ ವಿದ್ವಾಂಸರು ಗ್ರೀಕಿನ 'ಒರುಜಾ' ಇರಾನಿನ ಕಡೆಯ ಭಾಷೆಗಳಿಂದ ಬಂತು, ಸಂಸ್ಕೃತದ ವ್ರೀಹಿಗೆ ಅದು ಹತ್ತಿರದ್ದು ಅಂತಾರೆ. ಪಟ್ಟಿ ಮಾಡೋರಿಗೆ ಅದೆಲ್ಲ ಯಾಕೆ ಬೇಕು?

ವಿಚಿತ್ರ ಅಂದ್ರೆ ಇಷ್ಟೆಲ್ಲ ಅಭಿಮಾನ ಇರೋ ನಾವು, ನಿಜವಾಗಿ ಹೆಮ್ಮೆಪಡಬಹುದಾದ ಪದಗಳನ್ನು ಕಾಲಡಿಯಲ್ಲೇ ಬಿಟ್ಟಿದ್ದೀವಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ತಂಬಾಕು ಅಮೆರಿಕದಿಂದ ಬಂದ ಗಿಡ, ಹೆಸರೂ ಅಲ್ಲಿಂದಲೇ. ಆದರೆ ನಮ್ಮ ಹಿರಿಯರು ಅದನ್ನು ನೋಡಿ 'ಹೊಗೆಸೊಪ್ಪು' ಅಂದರು. ಎಷ್ಟು ಸರಿಯಾದ ಪದ! ಯಾವ ಸಮಿತಿಯೂ ಕೂತು ಮಾಡಿದ್ದಲ್ಲ. ಚನ್ನರಾಯಪಟ್ಟಣದ ಕಡೆ ಅಟ್ಟದ ಮೇಲೆ ಒಣಗೋ ಕೊಬ್ಬರಿಯ ದಾಯಾದಿ ಮಲಯಾಳಂನ 'ಕೊಪ್ಪರ', ಪೋರ್ಚುಗೀಸರ ಕೈ ಹಿಡಿದು ಇಂಗ್ಲಿಷಿನ 'ಕೋಪ್ರಾ' ಆದದ್ದು ಅದೇ. ಹಾಸನದ ಆಲೂಗಡ್ಡೆಗೆ ಮಾತ್ರ ಯಾರೂ ಜಗಳ ಮಾಡಲ್ಲ. ಪೊಟ್ಯಾಟೊ ಕೆರಿಬಿಯನ್ ದ್ವೀಪದವರ 'ಬಟಾಟಾ' ಅಂತ ಒಪ್ಪಿಕೊಂಡು ಬೋಂಡಾ ತಿಂತೀವಿ.

ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಲೇಬೇಕಿತ್ತು. ಯುಗಾದಿಗೆ ಹೊಳೆನರಸೀಪುರದ ನಮ್ಮ ದೊಡ್ಡಪ್ಪನ ಮನೇಲಿ ಎಲ್ಲ ಸೇರಿದ್ದೆವು, ಊಟ ಆದಮೇಲೆ ಹೊಳೆ ಕಡೆ ನಡೀತಾ ಹೇಳಿದೆ. ಮೊದಲು ಅವಳ ಮುಖ ಸಣ್ಣದಾಯ್ತು. "ಹಂಗಾದ್ರೆ ನಾನ್ ಹೇಳಿದ್ದು ಸುಳ್ಳಾ ಮಾವ?" ಅಂದಳು. ಅರ್ಧ ಸುಳ್ಳು, ಆದರೆ ಸುಳ್ಳು ಹೇಳಿದ್ದು ನೀನಲ್ಲ, ನಾನು ಅಂದೆ. "ಸರ್ಟಿಫಿಕೇಟ್ ವಾಪಸ್ ಕೊಡ್ಬೇಕಾ?" ಬೇಡ ಮಗಳೇ ಅಂತ ನಗು ತಡಕೊಂಡೆ. ಆದರೆ ಆ ಪ್ರಶ್ನೆ ನನ್ನ ಶಾಲಿಗೂ ಸ್ಟೀಲ್ ತಟ್ಟೆಗೂ ಸರಿಯಾಗಿ ತಗುಲಿತು.

ಶಾಲೆಯಲ್ಲಿ ಭಾಷಾಭಿಮಾನದ ಭಾಷಣ ಮಾಡಿಸೋದು ತಪ್ಪಲ್ಲ. ಆದರೆ ಜಡ್ಜ್ ಆದವರು ಒಂದು ಪ್ರಶ್ನೆ ಕೇಳಬಾರದಾ, "ಇದು ಎಲ್ಲಿ ಓದಿದೆ ಮರೀ?" ಅಂತ. ನನ್ನನ್ನೂ ಅವತ್ತು ಯಾರೂ ಕೇಳಲಿಲ್ಲ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ 'ಇಗೋ ಕನ್ನಡ'ದಲ್ಲಿ ವರ್ಷಗಟ್ಟಲೆ ಓದುಗರ ಇಂಥ ಪದಪ್ರಶ್ನೆಗಳಿಗೆ ಉತ್ತರ ಕೊಡ್ತಾ ಬಂದರು. 2021ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅಂಥ ಒಂದು ಅಂಕಣ ಬೆಳಗ್ಗೆ ಪೇಪರಿನಲ್ಲಿ ಬರ್ತಿದ್ದಾಗ ಪದದ ಬಗ್ಗೆ ಕೇಳಬೇಕು ಅನ್ನೋ ಅಭ್ಯಾಸ ಆದರೂ ಮನೆಗಳಲ್ಲಿತ್ತು.

ಹೊಳೆ ದಂಡೆಯಲ್ಲಿ ಅವಳು ಇನ್ನೊಂದು ಕೇಳಿದಳು. "ಜಿಂಜರ್ ಇರ್ಲಿ, ಶುಂಠಿ ಎಲ್ಲಿಂದ ಬಂತು?" ಯೂಲ್-ಬರ್ನೆಲ್ ನಮ್ಮ ಶುಂಠಿಯೂ ಇಂಜಿಯ ಒಡಹುಟ್ಟು ಇರಬಹುದು ಅಂತ ಊಹೆ ಮಾಡಿದ್ದರು. ಓದಿದಾಗ ಎದೆ ಉಬ್ಬಿತ್ತು, ಹೇಳಿಬಿಡೋಣ ಅಂತ ನಾಲಿಗೆ ತುದಿಗೂ ಬಂತು. ತಡೆದೆ. ಸಂಸ್ಕೃತದಲ್ಲಿ 'ಶುಂಠೀ' ಅಂದ್ರೆ ಒಣಗಿಸಿದ್ದು ಮಾತ್ರ, ಹಸಿಯದಕ್ಕೆ 'ಆರ್ದ್ರಕ', ಅಂದ್ರೆ ಒದ್ದೆಯದು, ಹಿಂದಿಯವರ ಅದ್ರಕ್ ಅದೇ. ಆ ಲೆಕ್ಕದಲ್ಲಿ ನಮ್ಮ 'ಹಸಿಶುಂಠಿ' ಅಂದ್ರೆ 'ಹಸಿ ಒಣಶುಂಠಿ' ಅಂತ ಅರ್ಥ! ಉತ್ತರ ಕರ್ನಾಟಕದವರು ಹಸಿಯದಕ್ಕೆ 'ಅಲ್ಲ' ಅಂತ ಬೇರೆ ಪದ ಇಟ್ಟುಕೊಂಡು ಈ ಗೊಂದಲದಿಂದ ಪಾರಾಗಿದ್ದಾರೆ. ನಾವು ಹಾಸನದವರು ಸಿಕ್ಕಿಹಾಕಿಕೊಂಡಿದ್ದೀವಿ. ಇದನ್ನು ಕೇಳಿ ಅವಳು ಬಿದ್ದು ಬಿದ್ದು ನಕ್ಕಳು. ಮುಂದಿನ ಸಲ ಇದನ್ನೇ ಹೇಳ್ತೀನಿ ಅಂದಳು, ಆದರೆ ಮೊದಲು ಎಲ್ಲಿ ಓದಿದ್ದು ಅಂತ ಬರೆದುಕೊಡಿ ಅಂದಳು. ಬರೆದುಕೊಟ್ಟಿದ್ದೀನಿ.

ವಯನಾಡಿನವರಿಗೆ ಫೋನ್ ಮಾಡಿ ನೀವು ಹೇಳಿದ್ದೇ ಸರಿ ಇತ್ತು ಅಂದೆ. ಅವರಿಗೆ ಆ ಮಾತೇ ಮರೆತುಹೋಗಿತ್ತು. ಈ ಸಲ ಕೊಳೆರೋಗ ಬರದಿದ್ರೆ ಸಾಕು ಸಾರ್ ಅಂದರು. ಚನ್ನರಾಯಪಟ್ಟಣದವರು ಮುಂದಿನ ನವೆಂಬರ್‌ಗೂ ಕರೆದರೆ ಅದೇ ಮೈಕಿನಲ್ಲಿ ತಿದ್ದಿ ಹೇಳ್ತೀನಿ. ಕರೆಯದಿದ್ದರೆ, ಅವತ್ತು ಅಲ್ಲಿ ಚಪ್ಪಾಳೆ ಹೊಡೆದವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಪಕ್ಕದಲ್ಲಿ ಕೂತಿದ್ದವರಿಗೂ ತಿಳಿಸಿ.